ಓಟ ಮುಗಿಯುವುದು ಬೇಕರಿ ಮುಂದೆ

ಬುಧವಾರ ರಾತ್ರಿ

ಶಿವಮೊಗ್ಗದ ಬಸ್ಸು ಇಳಿದು ಬೆಂಗಳೂರಿನ ಎನ್.ಆರ್. ಕಾಲೊನಿಯ ಅಕ್ಕನ ಮನೆ ಸೇರುವಾಗ ಹತ್ತು ದಾಟಿತ್ತು. ಊಟಕ್ಕೆ ಕೂತ ಕೂಡಲೇ ಭಾವ ನಿಯಮ ಹೇಳಿದರು. ದಿನಕ್ಕೊಂದು ಬಡಾವಣೆ. ಓಟ ಎಲ್ಲಿಂದ ಬೇಕಾದರೂ ಶುರುವಾಗಲಿ, ಮುಗಿಯುವುದು ಮಾತ್ರ ಬೇಕರಿ ಮುಂದೆ. ಪಾರ್ಸೆಲ್ ಕಟ್ಟಿಸುವ ಹಾಗಿಲ್ಲ, ನಿಂತೇ ತಿನ್ನಬೇಕು. ಒಂದು ಖಾರ, ಒಂದು ಸಿಹಿ, ಅದರಲ್ಲೂ ಅರ್ಧರ್ಧ ಪಾಲು.

ಭಾವನಿಗೆ ಐವತ್ತೈದು ದಾಟಿದೆ. ವರ್ಷಕ್ಕೊಮ್ಮೆ ಬೆಂಗಳೂರಿನ ಹತ್ತು ಕಿಲೋಮೀಟರ್ ಓಟಕ್ಕೆ ಹೆಸರು ಕೊಡುತ್ತಾರೆ. ಉಳಿದ ದಿನವೆಲ್ಲ ಅದರ ನೆಪದಲ್ಲಿ ಓಡುತ್ತಾರೆ, ಅದೇ ನೆಪದಲ್ಲಿ ತಿನ್ನುತ್ತಾರೆ.

ಅಕ್ಕ ಮಜ್ಜಿಗೆ ಬಡಿಸುತ್ತಾ, "ಓಡಿ ಕರಗಿಸೋದು, ಆಮೇಲೆ ತಿಂದು ತುಂಬಿಸೋದು. ಅದರ ಬದಲು ಮನೇಲಿ ಮಲಗಿದ್ರೆ ಲೆಕ್ಕ ಸಮ ಅಲ್ವಾ?" ಅಂದಳು. ನಾವಿಬ್ಬರೂ ತಲೆ ತಗ್ಗಿಸಿ ಅನ್ನ ಕಲಸಿದೆವು.

ಗುರುವಾರ: ಲಾಲ್‌ಬಾಗ್, ವಿ.ವಿ. ಪುರ

ಡಿಸೆಂಬರ್ ಬೆಳಗಿನ ಬೆಂಗಳೂರು ಓಡುವವರಿಗೆ ಒಳ್ಳೆಯದು. ಆರು ಗಂಟೆಗೆ ಇನ್ನೂ ಕತ್ತಲು, ಸಣ್ಣ ಚಳಿ, ಬೆವರು ಬರುವುದೇ ಮೂರನೇ ಕಿಲೋಮೀಟರಿಗೆ. ಬುಲ್ ಟೆಂಪಲ್ ರಸ್ತೆಯಲ್ಲಿ ಬಸವಣ್ಣನಿಗೆ ಹೊರಗಿನಿಂದಲೇ ಕೈಮುಗಿದು, ಕಹಳೆ ಬಂಡೆ ದಾಟಿ, ರಾಮಕೃಷ್ಣ ಆಶ್ರಮದ ಹತ್ತಿರ ಬಲಕ್ಕೆ ತಿರುಗಿದೆವು. ಅಲ್ಲಿಂದ ವಾಣಿ ವಿಲಾಸ ರಸ್ತೆ, ನ್ಯಾಷನಲ್ ಕಾಲೇಜು, ಕೊನೆಗೆ ಲಾಲ್‌ಬಾಗಿನ ಪಶ್ಚಿಮ ಗೇಟು.

ಭಾವನ ಓಟ ತೀರಾ ನಿಧಾನ. ಓಡುತ್ತಾ ಪೂರ್ತಿ ವಾಕ್ಯ ಮಾತಾಡಲು ಬರಬೇಕು, ಬರದಿದ್ದರೆ ವೇಗ ಜಾಸ್ತಿಯಾಗಿದೆ ಅಂತ ಅವರ ಅಳತೆ. ಇದು ಸುಮ್ನೆ ಹೇಳುವ ಮಾತಲ್ಲ. ದೂರದ ಓಟ ಕಲಿಸುವವರೂ ಹೆಚ್ಚಿನ ದಿನಗಳ ಓಟಕ್ಕೆ ಇದೇ ಅಳತೆ ಹೇಳುತ್ತಾರೆ. ಆದರೆ ಭಾವ ವಾಕ್ಯಕ್ಕೇ ನಿಲ್ಲುವುದಿಲ್ಲ, ಪುಟಗಟ್ಟಲೆ ಮಾತಾಡುತ್ತಾರೆ. ಲಾಲ್‌ಬಾಗ್ 240 ಎಕರೆ, ಗಾಜಿನ ಮನೆಗೆ ಅಡಿಗಲ್ಲು ಹಾಕಿದ್ದು 1889ರಲ್ಲಿ, ಕೆಂಪೇಗೌಡರ ಗೋಪುರ ನಿಂತಿರುವ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಇದೆಲ್ಲ ಕೆರೆಯ ಸುತ್ತ ಒಂದು ಸುತ್ತು ಮುಗಿಯುವುದರೊಳಗೆ ನನ್ನ ಕಿವಿಗೆ ಬಿತ್ತು. ಬಂಡೆ ಹತ್ತುವಾಗ ಮಾತ್ರ ಮಾತು ನಿಂತಿತು.

ಮತ್ತೆ ಪಶ್ಚಿಮ ಗೇಟಿನಿಂದ ಹೊರಬಿದ್ದು ಸಜ್ಜನರಾವ್ ವೃತ್ತದ ಕಡೆ ಓಡಿದೆವು. ಸಂಜೆ ಹೊತ್ತು ಕಾಲಿಡಲು ಜಾಗ ಸಿಗದ ತಿಂಡಿ ಬೀದಿ ಬೆಳಿಗ್ಗೆ ಖಾಲಿ ಖಾಲಿ. ಅಂಗಡಿಗಳ ಶಟರ್ ಕೆಳಗೆ, ರಾತ್ರಿಯ ಎಣ್ಣೆ ಜಿಡ್ಡು ನೆಲದಲ್ಲಿ, ಎರಡು ಕಾಗೆ. ಅಲ್ಲೇ ವಿ.ಬಿ. ಬೇಕರಿ. 1953ರಿಂದ ಇದೆ. ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಬೆಳೆದವರಿಗೆ ಇದರ ಪರಿಚಯ ಮಾಡಿಕೊಡುವ ಅಗತ್ಯವಿಲ್ಲ.

ಖಾರಕ್ಕೆ ಖಾರ ಬನ್, ಸಿಹಿಗೆ ಬೆಣ್ಣೆ ಬಿಸ್ಕತ್ತು. ಖಾರ ಬನ್ನನ್ನು ಭಾವ ಎರಡು ಕೈಯಲ್ಲಿ ಹಿಡಿದು ಮುರಿದರು. ಮೇಲಿನ ಸಿಪ್ಪೆ ಕಂದು, ಒಳಗೆ ಬಿಳಿ, ಬಿಳಿಯ ನಡುವೆ ಹಸಿಮೆಣಸಿನಕಾಯಿ, ಈರುಳ್ಳಿ, ಸೊಪ್ಪಿನ ಚೂರು. ಸಬ್ಬಸಿಗೆಯ ವಾಸನೆ ಮೊದಲು ಮೂಗಿಗೆ ಬಂತು, ಆಮೇಲೆ ಖಾರ ಗಂಟಲಿಗೆ. ಓಡಿ ಬೆವರಿದ ಮೈಗೆ ಬೇಕಾದ್ದು ಉಪ್ಪು ಮತ್ತು ಹಿಟ್ಟು. ಖಾರ ಬನ್ನಿನಲ್ಲಿ ಎರಡೂ ಇದೆ, ಎಣ್ಣೆ ಕಡಿಮೆ. ಓಟಗಾರರಿಗೆ ಅಂತ ಬಣ್ಣದ ಕಾಗದದಲ್ಲಿ ಸುತ್ತಿ ನೂರು ಇನ್ನೂರು ರೂಪಾಯಿಗೆ ಮಾರುವ ಎನರ್ಜಿ ಬಾರ್‌ಗಳಿಗಿಂತ ಇದು ಎಷ್ಟೋ ವಾಸಿ. ಇದು ನನ್ನ ಅಭಿಪ್ರಾಯ, ಯಾವ ಡಾಕ್ಟರದ್ದೂ ಅಲ್ಲ.

ಬೆಣ್ಣೆ ಬಿಸ್ಕತ್ತು ಬಾಯಲ್ಲಿಟ್ಟರೆ ಪುಡಿಯಾಯಿತು. ನೀರು ಕುಡಿಯುವ ಮುಂಚೆ ಅದನ್ನು ತಿನ್ನಬಾರದು ಅಂತ ಭಾವ ಹೇಳಿದ್ದು ಸರಿ. ಓಡಿ ಒಣಗಿದ ಬಾಯಿಗೆ ಅದು ಅಂಟಿಕೊಳ್ಳುತ್ತದೆ.

"ಕಾಂಗ್ರೆಸ್ ಕಡಲೆಬೀಜ ತಗೊಳ್ಳೋಣ್ವಾ ಭಾವ?"

"ಅದು ಮೂರನೇ ಐಟಂ ಕಣೋ."

"ಬೀಜ ಅಲ್ವಾ, ಪ್ರೋಟೀನು."

ಸ್ವಲ್ಪ ಯೋಚಿಸಿ ನೂರು ಗ್ರಾಂ ಕಟ್ಟಿಸಿದರು. ಸಿಪ್ಪೆ ತೆಗೆದು ಎರಡಾಗಿ ಒಡೆದ ಕಡಲೆಬೀಜ, ಖಾರದಪುಡಿ, ಇಂಗು, ಕರಿಬೇವು. ಪಾರ್ಸೆಲ್ ಬೇಡ ಅನ್ನುವ ನಿಯಮ ಮೊದಲ ದಿನವೇ ಹೋಯಿತು.

ಶುಕ್ರವಾರ: ಮಲ್ಲೇಶ್ವರ

ನ್ಯಾಷನಲ್ ಕಾಲೇಜು ಮೆಟ್ರೊ ನಿಲ್ದಾಣದವರೆಗೆ ನಿಧಾನಕ್ಕೆ ಓಡಿ, ಹಸಿರು ಮಾರ್ಗದ ರೈಲು ಹಿಡಿದು, ಮಂತ್ರಿ ಸ್ಕ್ವೇರ್ ಸಂಪಿಗೆ ರಸ್ತೆ ನಿಲ್ದಾಣದಲ್ಲಿ ಇಳಿದೆವು. ರೈಲಿನಲ್ಲಿ ಎಲ್ಲರೂ ಆಫೀಸಿನ ಬಟ್ಟೆ, ನಾವಿಬ್ಬರು ಚಡ್ಡಿ. ಭಾವನಿಗೆ ಅದರ ಪರಿವೆಯೇ ಇಲ್ಲ.

ಮಲ್ಲೇಶ್ವರದ ಬೀದಿಗಳನ್ನು ಓಡುವವರಿಗೆಂದೇ ಎಳೆದಂತಿದೆ. ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆ ಎರಡೂ ಉದ್ದಕ್ಕೆ ನೇರ. ಅಡ್ಡಕ್ಕೆ ಒಂದು, ಎರಡು, ಮೂರು ಅಂತ ಕ್ರಾಸುಗಳು. ಎಷ್ಟು ದೂರ ಬಂದೆವು ಅಂತ ಗಡಿಯಾರ ನೋಡಬೇಕಿಲ್ಲ, ಕ್ರಾಸಿನ ಫಲಕ ಓದಿದರೆ ಸಾಕು. ಆದರೆ ಇದನ್ನು ಹೀಗೆ ಮಾಡಿದ್ದು ಪ್ಲೇಗಿನ ಹೆದರಿಕೆಗೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟಿನ ಓಣಿಗಳಲ್ಲಿ ಜನ ಸಾಯತೊಡಗಿದರು. ಹೊಸ ಬಡಾವಣೆಗಳ ಆಲೋಚನೆ ಅದಕ್ಕೂ ಮೊದಲೇ ಇತ್ತು. ಪ್ಲೇಗ್ ಬಂದ ಮೇಲೆ ಅದಕ್ಕೆ ವೇಗ ಸಿಕ್ಕಿತು. ಗಾಳಿ ಬೆಳಕು ಬರಲಿ ಅಂತ ಅಗಲ ರಸ್ತೆ, ನಡುನಡುವೆ ಪಾರ್ಕು, ಮನೆಗಳ ಹಿಂದೆ ಕಸ, ಮಲ ಸಾಗಿಸಲು ಕನ್ಸರ್ವೆನ್ಸಿ ಗಲ್ಲಿ. ಈ ಕಡೆ ಮಲ್ಲೇಶ್ವರ, ಆ ಕಡೆ ಬಸವನಗುಡಿ. ನೂರಿಪ್ಪತ್ತು ವರ್ಷ ಕಳೆದ ಮೇಲೆ ಅದೇ ಅಗಲ ರಸ್ತೆಗಳಲ್ಲಿ ನಾವು ಚಡ್ಡಿ ಹಾಕಿಕೊಂಡು ಓಡುತ್ತಿದ್ದೇವೆ.

ಭಾವನಿಗೆ ಈ ವಿಷಯ ತುಂಬ ಇಷ್ಟ. ಅವರ ವಾದ ಇದು: ಬೆಂಗಳೂರಿನಲ್ಲಿ ಓಡಲು ಚೆನ್ನಾಗಿರುವ ಬಡಾವಣೆ ಮತ್ತು ಬೇಕರಿ ಚೆನ್ನಾಗಿರುವ ಬಡಾವಣೆ ಒಂದೇ. ಎರಡಕ್ಕೂ ನಡೆದು ಹೋಗುವ ಜನ ಬೇಕು. ಕಾರಿನಲ್ಲಿ ಹೋಗುವವನು ತಟ್ಟೆ ಒಲೆಯಿಂದ ಹೊರಗೆ ಬಂದ ವಾಸನೆ ಹಿಡಿದು ನಿಲ್ಲುವುದಿಲ್ಲ. ಹೊಸ ಬಡಾವಣೆಗಳಲ್ಲಿ ಎಂಟು ಪಥದ ರಸ್ತೆ, ಪಕ್ಕದಲ್ಲಿ ಫುಟ್‌ಪಾತಿಲ್ಲ, ಬೇಕರಿ ಇದ್ದರೂ ಅದು ಮಾಲಿನ ಎರಡನೇ ಮಹಡಿಯಲ್ಲಿ. ಮೊದಲು ನಾನು ನಕ್ಕೆ. ಆಮೇಲೆ ಎಷ್ಟು ಯೋಚಿಸಿದರೂ ಇದಕ್ಕೆ ಎದುರು ಉದಾಹರಣೆ ಸಿಗಲಿಲ್ಲ.

ಹದಿನೆಂಟನೇ ಕ್ರಾಸು ದಾಟಿ ಸ್ಯಾಂಕಿ ಕೆರೆ. ಕರ್ನಲ್ ರಿಚರ್ಡ್ ಸ್ಯಾಂಕಿ 1882ರಲ್ಲಿ ಕಟ್ಟಿಸಿದ್ದು. ದಡದ ದಾರಿಯಲ್ಲಿ ಓಡುವವರಿಗಿಂತ ನಡೆಯುವವರು ಜಾಸ್ತಿ, ನಡೆಯುವವರಿಗಿಂತ ನಿಂತು ರಾಜಕೀಯ ಮಾತಾಡುವವರು ಜಾಸ್ತಿ. ಎರಡು ಸುತ್ತು ಹಾಕಿ ವಾಪಸಾದೆವು. ಬರುವಾಗ ಒಂದು ಕ್ರಾಸಿನಲ್ಲಿ ನಾಲ್ಕು ನಾಯಿ ಅಟ್ಟಿಸಿಕೊಂಡು ಬಂದವು. ನಾನು ಓಡಲು ಹೊರಟೆ. "ನಿಂತ್ಕೊ, ನಡಿ," ಅಂದರು ಭಾವ. ನಡೆದೆವು. ನಾಯಿಗಳಿಗೆ ಆಸಕ್ತಿ ಹೋಯಿತು. ಬೀದಿ ಓಟದಲ್ಲಿ ಮೊದಲು ಕಲಿಯಬೇಕಾದ್ದು ಇದನ್ನೇ ಇರಬೇಕು.

ಮೊದಲು ನಿಂತ ಬೇಕರಿಯ ಹೆಸರು ಬೇಡ. ಆಲೂ ಪಫ್ ಕೊಟ್ಟರು, ಹಿಂದಿನ ದಿನದ್ದು. ಕೈಯಲ್ಲಿ ಹಿಡಿದರೇ ತಿಳಿಯುತ್ತದೆ. ಪಫ್‌ನ ಜೀವ ಇರುವುದು ಪದರದಲ್ಲಿ. ಹಿಟ್ಟು ಲಟ್ಟಿಸಿ, ಮಧ್ಯೆ ಕೊಬ್ಬು ಸವರಿ, ಮಡಚಿ, ಮತ್ತೆ ಲಟ್ಟಿಸಿ, ಮತ್ತೆ ಮಡಚುತ್ತಾರೆ. ಒಲೆಯೊಳಗೆ ಹಿಟ್ಟಿನ ನೀರು ಆವಿಯಾಗಿ ಪದರಗಳನ್ನು ಎತ್ತುತ್ತದೆ. ಬಿಸಿ ಇದ್ದಾಗ ಒತ್ತಿದರೆ ಚೂರುಚೂರು. ಒಂದು ರಾತ್ರಿ ಕಳೆದರೆ ಪದರ ತೇವ ಎಳೆದುಕೊಂಡು ಮೆತ್ತಗಾಗುತ್ತದೆ. ಮೈಕ್ರೊವೇವಿನಲ್ಲಿ ಬಿಸಿ ಮಾಡಿದರೆ ಇನ್ನೂ ಕೆಟ್ಟದು, ರಬ್ಬರು. ಪಫ್ ತಿನ್ನುವುದಾದರೆ ಸಂಜೆ ನಾಲ್ಕರ ಮೇಲೆ ತಿನ್ನಬೇಕು, ಅದೂ ಓಟ ಮುಗಿದ ಮೇಲೆ. ಕೊಬ್ಬು ಹೊಟ್ಟೆಯಲ್ಲಿ ತುಂಬ ಹೊತ್ತು ನಿಲ್ಲುತ್ತದೆ. ತಿಂದು ಓಡಿದರೆ ಅದೂ ನಮ್ಮ ಜೊತೆ ಓಡುತ್ತದೆ.

ಎರಡು ಕ್ರಾಸು ಆಚೆ ಇನ್ನೊಂದು ಅಯ್ಯಂಗಾರ್ ಬೇಕರಿಯಲ್ಲಿ ಹನಿ ಕೇಕ್ ಆಗಷ್ಟೇ ಕತ್ತರಿಸುತ್ತಿದ್ದರು. ಹಳದಿ ಸ್ಪಂಜಿಗೆ ಸಕ್ಕರೆ ಪಾಕ ಕುಡಿಸಿ, ಮೇಲೆ ಕೆಂಪು ಜಾಮ್ ಸವರಿ, ಒಣ ಕೊಬ್ಬರಿ ತುರಿ ಉದುರಿಸಿದ್ದು. ಗಾಜಿನ ಪೆಟ್ಟಿಗೆಯ ಮೇಲೆ ಸಣ್ಣ ಪೇಪರ್ ತುಂಡು, ಅದರ ಮೇಲೆ ಕೇಕು. ಪಾಕ ಪೇಪರಿಗೆ ಇಳಿದು ಅಚ್ಚಾದ ಅಕ್ಷರಗಳು ಕೇಕಿನ ತಳಕ್ಕೆ ಬಂದಿದ್ದವು. ಬೆಳಿಗ್ಗೆ ಎಂಟೂವರೆಗೆ ಇಷ್ಟು ಸಿಹಿ ತಿನ್ನುವುದಕ್ಕೆ ಎಂಟು ಕಿಲೋಮೀಟರ್ ಓಡಿರಬೇಕು.

ಆ ಲೆಕ್ಕವನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಅಕ್ಕ ಕೇಳಿದ್ದು ಅದನ್ನೇ. ಓಡುವಾಗ ಒಂದು ಕಿಲೋಮೀಟರಿಗೆ, ಮೈತೂಕದ ಪ್ರತಿ ಕಿಲೋಗೆ ಹೆಚ್ಚುಕಡಿಮೆ ಒಂದು ಕಿಲೋ ಕ್ಯಾಲೊರಿ ಖರ್ಚಾಗುತ್ತದೆ. ಎಪ್ಪತ್ತು ಕಿಲೋ ತೂಗುವವನು ಎಂಟು ಕಿಲೋಮೀಟರ್ ಓಡಿದರೆ 560. ನಿಧಾನ ಓಡಿದರೂ ಬೇಗ ಓಡಿದರೂ ದೊಡ್ಡ ವ್ಯತ್ಯಾಸ ಇಲ್ಲ. ಅರ್ಧ ಹನಿ ಕೇಕು ಇದರಲ್ಲಿ ಮುಚ್ಚಿಹೋಗುತ್ತದೆ. ಇಡೀ ಹನಿ ಕೇಕು, ಒಂದು ಪಫ್, ಮೇಲೊಂದು ಸಕ್ಕರೆ ಕಾಫಿ ಅಂದರೆ ಅಕ್ಕ ಗೆಲ್ಲುತ್ತಾಳೆ.

ಶನಿವಾರ: ಬೆಳಿಗ್ಗೆ ಪೇಟೆ, ಸಂಜೆ ಫ್ರೇಸರ್ ಟೌನ್

ಬೆಳಿಗ್ಗೆ ಕೆ.ಆರ್. ರಸ್ತೆ ಹಿಡಿದು ಮಾರ್ಕೆಟ್ ಕಡೆ. ಕೋಟೆ ವೆಂಕಟರಮಣ ದೇವಸ್ಥಾನದವರೆಗೆ ಓಟ, ಆಮೇಲೆ ಬರೀ ನಡಿಗೆ. ಸೇವಂತಿಗೆ ಮೂಟೆ ಹೊತ್ತವರ ನಡುವೆ ಓಡಿದರೆ ಬೈಸಿಕೊಳ್ಳಬೇಕಾಗುತ್ತದೆ. ಅವೆನ್ಯೂ ರಸ್ತೆ ಮಾತ್ರ ಆ ಹೊತ್ತಿಗೆ ಖಾಲಿ ಇತ್ತು.

ನಾವು ಹೋಗಿದ್ದು ಚಿಕ್ಕಪೇಟೆಯ ಸಲುವಾಗಿ. ಅಯ್ಯಂಗಾರ್ ಬೇಕರಿಗಳ ಕಥೆ ಅಲ್ಲಿ ಶುರುವಾಗುತ್ತದೆ. ಹಾಸನ ಕಡೆಯ ಎಚ್.ಎಸ್. ತಿರುಮಲಾಚಾರ್ ಮತ್ತು ಅವರ ಸಹೋದರರು 1898ರಲ್ಲಿ ಇಲ್ಲಿ ಬೆಂಗಳೂರ್ ಬ್ರದರ್ಸ್ ಬೇಕರಿ ಶುರುಮಾಡಿದರು ಅನ್ನುತ್ತಾರೆ. ಮೊದಲು ಸಿಹಿತಿಂಡಿ ಅಂಗಡಿ ಇತ್ತಂತೆ, ಬ್ರೆಡ್ ಮಾಡುವುದನ್ನು ಒಬ್ಬ ಇಂಗ್ಲಿಷ್ ದೊರೆ ಹೇಳಿಕೊಟ್ಟನಂತೆ. ಪ್ಲೇಗ್ ಬಂದ ವರ್ಷವೇ ಬೇಕರಿಯೂ ಬಂತು. ಭಾವ ಇಲ್ಲಿ ನಿಂತು ನನ್ನ ಮುಖ ನೋಡಿದರು, ತಮ್ಮ ವಾದಕ್ಕೆ ಸಾಕ್ಷಿ ಸಿಕ್ಕಿತು ಅನ್ನುವ ಹಾಗೆ.

ಮೊಟ್ಟೆ ಹಾಕದ ಬೇಕರಿ ಅನ್ನುವುದೇ ದೊಡ್ಡ ಉಪಾಯ. ಬ್ರೆಡ್ ಅಂದರೆ ದೊರೆಗಳ ತಿಂಡಿ, ಅದರಲ್ಲಿ ಏನೇನು ಹಾಕಿರುತ್ತಾರೋ ಅಂತ ಹೆದರುತ್ತಿದ್ದ ಮನೆಗಳಿಗೆ ಅಯ್ಯಂಗಾರ್ ಅನ್ನುವ ಹೆಸರೇ ಧೈರ್ಯ ಕೊಟ್ಟಿತು. ಆದರೂ ನಮ್ಮಜ್ಜಿ ಮನೆಯಲ್ಲಿ ಬ್ರೆಡ್ ಬರುತ್ತಿದ್ದುದು ಯಾರಿಗಾದರೂ ಜ್ವರ ಬಂದಾಗ ಮಾತ್ರ. ಆರೋಗ್ಯವಾಗಿರುವವರು ಬ್ರೆಡ್ ಕೇಳಿದರೆ ಹಣೆ ಮುಟ್ಟಿ ನೋಡುತ್ತಿದ್ದರು. ಬ್ರೆಡ್ಡಿಗೆ ಈರುಳ್ಳಿ ಹಸಿಮೆಣಸಿನಕಾಯಿ ಹಾಕಿ ಮಸಾಲೆ ಬ್ರೆಡ್ ಮಾಡಿದ ಮೇಲೆ ಅದು ತಿಂಡಿಯ ಸಾಲಿಗೆ ಸೇರಿತು.

ಸಂಜೆಯ ಓಟ ಬೇಕರಿಯೇ ಗೊತ್ತುಮಾಡಿದ್ದು. ಮಾಸ್ಕ್ ರಸ್ತೆಯ ಆಲ್ಬರ್ಟ್ ಬೇಕರಿ ಬಾಗಿಲು ತೆಗೆಯುವುದೇ ಮಧ್ಯಾಹ್ನದ ಮೇಲೆ. ಹಾಗಾಗಿ ನಾಲ್ಕಕ್ಕೆ ಸ್ಕೂಟರ್ ಹತ್ತಿ, ಕೋಲ್ಸ್ ಪಾರ್ಕಿನ ಹತ್ತಿರ ನಿಲ್ಲಿಸಿ, ಪಾರ್ಕಿನೊಳಗೆ ಸುತ್ತು ಹಾಕಿದೆವು. ಮಕ್ಕಳ ಚೆಂಡು ಎರಡು ಸಲ ಕಾಲಿಗೆ ಬಂತು. ಹೊರಗಿನ ರಸ್ತೆಯಲ್ಲಿ ಸಂಜೆ ಓಡುವುದು ಕಷ್ಟ. ಮನೆಗಳ ಮುಂದೆ ಕ್ರಿಸ್‌ಮಸ್ ನಕ್ಷತ್ರ ತೂಗುಹಾಕಿದ್ದರು.

ಫ್ರೇಸರ್ ಟೌನಿಗೆ ಈಗ ಪುಲಿಕೇಶಿನಗರ ಅಂತ ಹೆಸರು. ದಂಡು ಪ್ರದೇಶದವರು ಪ್ಲೇಗ್ ಆದಮೇಲೆ, 1906ರಿಂದ ಈಚೆಗೆ ಕಟ್ಟಿದ ಬಡಾವಣೆ. ಇಲ್ಲಿಯೂ ಅದೇ ನೇರ ರಸ್ತೆ, ಅದೇ ಪಾರ್ಕು. ಆಲ್ಬರ್ಟ್ ಬೇಕರಿ ಅದಕ್ಕೂ ಹಳೆಯದು, 1902ರದು. ಅಯ್ಯಂಗಾರ್ ಬೇಕರಿಯಿಂದ ಇಲ್ಲಿಗೆ ಬಂದರೆ ಊರೇ ಬೇರೆ ಅನ್ನಿಸುತ್ತದೆ. ಮಟನ್ ಸಮೋಸ, ಭೇಜಾ ಪಫ್, ಖೋವಾ ನಾನ್. ಗುಡ್ ಫ್ರೈಡೇಗೆ ಶಿಲುಬೆ ಗುರುತಿನ ಬನ್ನು. ಸರತಿ ಸಾಲು ಅಂತ ಇಲ್ಲ, ಮೊಣಕೈ ಮುಂದಿಟ್ಟು ನುಗ್ಗಬೇಕು.

ಭಾವ ಸಸ್ಯಾಹಾರಿ. ಅವರಿಗೆ ಖೋವಾ ನಾನ್, ನನಗೆ ಮಟನ್ ಸಮೋಸ. ಅರ್ಧರ್ಧ ಪಾಲಿನ ನಿಯಮ ಇಲ್ಲಿ ಒಂದೇ ಕಡೆಗೆ ನಡೆಯಿತು. ನಾನ್ ಅಂದರೆ ತಂದೂರಿನದಲ್ಲ. ತೆಳ್ಳಗೆ ಗರಿಗರಿ ಪದರ, ನಡುವೆ ಸಿಹಿ ಖೋವಾ. ಬಿಸಿಗೆ ಖೋವಾ ಮೆತ್ತಗಾಗಿ ಹಾಲಿನ ಕೆನೆಯ ವಾಸನೆ ಬರುತ್ತಿತ್ತು. ಭಾವ ಅಂಚಿನಿಂದ ಶುರುಮಾಡಿ ಸುತ್ತಲೂ ತಿನ್ನುತ್ತಾ ನಡುವಿನ ಭಾಗವನ್ನು ಕೊನೆಗೆ ಉಳಿಸಿಕೊಂಡರು. ನನಗೆ ಕೊಟ್ಟ ಅರ್ಧ ಯಾವುದು ಅಂತ ನೀವೇ ಊಹಿಸಿ.

ಈ ಪ್ರವಾಸದಲ್ಲಿ ತಿಂದದ್ದರಲ್ಲಿ ಒಂದನ್ನೇ ಆರಿಸು ಅಂದರೆ ಖೋವಾ ನಾನ್ ಆರಿಸುತ್ತೇನೆ. ಖಾರ ಬನ್ನಿನ ಮೇಲಿನ ಪ್ರೀತಿ ಬೇರೆ, ಅದು ದಿನಾ ತಿನ್ನುವಂಥದ್ದು.

ಭಾನುವಾರ: ಕಬ್ಬನ್ ಪಾರ್ಕ್, ಆಮೇಲೆ ನಮ್ಮ ಬೀದಿ

ಭಾನುವಾರ ಕಬ್ಬನ್ ಪಾರ್ಕಿನೊಳಗೆ ವಾಹನ ಬಿಡುವುದಿಲ್ಲ. ಊರಿನ ಓಟಗಾರರೆಲ್ಲ ಅಲ್ಲೇ. ಬಿದಿರು ಮೆಳೆ, ಕೆಂಪು ಹೈಕೋರ್ಟ್ ಕಟ್ಟಡ, ತರಹೇವಾರಿ ನಾಯಿಗಳು. ಚೆನ್ನಾಗಿತ್ತು, ಆದರೆ ಜಾತ್ರೆ. ಐದು ಕಿಲೋಮೀಟರಿಗೆ ಸಾಕು ಮಾಡಿ ಸ್ಕೂಟರ್ ಹತ್ತಿದೆವು. ಬೇಕರಿ ಮುಂದೆ ಓಟ ಮುಗಿಯಬೇಕಲ್ಲ, ಅದಕ್ಕೆ ಮನೆಗೆ ಎರಡು ಕಿಲೋಮೀಟರ್ ಇರುವಾಗಲೇ ಸ್ಕೂಟರ್ ನಿಲ್ಲಿಸಿ ಉಳಿದದ್ದನ್ನು ಓಡಿದೆವು. ಸ್ಕೂಟರ್ ತರಲು ಸಂಜೆ ಮತ್ತೆ ಅಲ್ಲಿಗೆ ನಡೆದುಹೋದವರು ಭಾವ.

ಅಕ್ಕನ ಬೀದಿಯ ತಿರುವಿನಲ್ಲಿ ಸಣ್ಣ ಬೇಕರಿ ಇದೆ. ಮುಂದೆ ಆರಡಿ ಗಾಜಿನ ಪೆಟ್ಟಿಗೆ, ಹಿಂದೆ ಸೌದೆ ಒಲೆ. ಮಾಲೀಕರು ಹಾಸನದ ಕಡೆಯವರು. ಭಾವನನ್ನು ಇಪ್ಪತ್ತು ವರ್ಷದಿಂದ ನೋಡುತ್ತಿದ್ದಾರೆ, ಬೆವರಿದ ನೋಟು ತೆಗೆದುಕೊಂಡು ಒಣಗಲು ಬೇರೆ ಇಡುತ್ತಾರೆ. ಈಗ ಗಾಜಿಗೆ ಕ್ಯೂಆರ್ ಕೋಡ್ ಅಂಟಿಸಿದ್ದಾರೆ, ಆದರೆ ಭಾವ ಫೋನ್ ಹಿಡಿದು ಓಡುವವರಲ್ಲ.

"ಒಲೆ ನೋಡಬಹುದಾ ಸ್ವಾಮಿ?" ಅಂತ ಕೇಳಿದೆ. "ಬನ್ನಿ, ಚಪ್ಪಲಿ ಹೊರಗೆ ಬಿಡಿ," ಅಂದರು. ಶೂ ಬಿಚ್ಚಿ ಒಳಗೆ ಹೋದೆವು.

ಇಟ್ಟಿಗೆಯ ಕಮಾನು, ಸಣ್ಣ ಕಬ್ಬಿಣದ ಬಾಗಿಲು, ಒಳಗೆ ಇಬ್ಬರು ಮಲಗುವಷ್ಟು ಜಾಗ. ಬೆಳಗಿನ ಜಾವ ಒಲೆಯೊಳಗೇ ಸೌದೆ ಉರಿಸುತ್ತಾರೆ. ಇಟ್ಟಿಗೆ ಕಾದ ಮೇಲೆ ಕೆಂಡ ಹೊರಗೆಳೆದು, ಒದ್ದೆ ಗೋಣಿಯಿಂದ ನೆಲ ಒರೆಸುತ್ತಾರೆ. ಬೇಯಿಸುವುದು ಬೆಂಕಿಯಲ್ಲ, ಇಟ್ಟಿಗೆ ಹಿಡಿದಿಟ್ಟ ಕಾವು. ಎಷ್ಟು ಕಾದಿದೆ ಅಂತ ನೋಡಲು ಅವರು ಚಿಟಿಕೆ ಮೈದಾ ಒಳಗೆ ಎಸೆದರು. ಎಸೆದ ಕೂಡಲೇ ಕಪ್ಪಾದರೆ ಕಾವು ಇಳಿಯುವವರೆಗೆ ತಡೆಯಬೇಕು. ನಿಧಾನಕ್ಕೆ ಕಂದು ಬಣ್ಣಕ್ಕೆ ತಿರುಗಿದರೆ ಸರಿ. ತಿರುಗಿತು.

ಮೊದಲು ಬನ್ನು. ಆಮೇಲೆ ಬ್ರೆಡ್ಡು. ಕಾವು ಇಳಿದಂತೆ ಬಿಸ್ಕತ್ತು. ಕೊನೆಗೆ, ರಾತ್ರಿ ಬಾಗಿಲು ಮುಚ್ಚುವ ಮುಂಚೆ, ಕತ್ತರಿಸಿದ ಬ್ರೆಡ್ ತುಂಡುಗಳನ್ನು ಒಳಗಿಟ್ಟು ಬಿಟ್ಟರೆ ಬೆಳಿಗ್ಗೆ ರಸ್ಕ್. ಒಂದು ಸಲ ಕಾಯಿಸಿದ ಒಲೆಗೆ ಇಡೀ ದಿನದ ಕೆಲಸ ಗೊತ್ತುಮಾಡಿದ್ದಾರೆ. ಯಾವ ಹೊತ್ತಿಗೆ ಏನು ಬಿಸಿ ಸಿಗುತ್ತದೆ ಅಂತ ಇದರಿಂದಲೇ ತಿಳಿಯುತ್ತದೆ. ಭಾವ ಇಷ್ಟು ವರ್ಷ ಅದನ್ನು ಮೂಗಿನಿಂದ ಅಂದಾಜು ಮಾಡುತ್ತಿದ್ದರು.

ಉದ್ದ ಹಿಡಿಯ ಹಲಗೆ ಒಳಗೆ ಹೋಗಿ ಬಂತು. ತಟ್ಟೆಯಲ್ಲಿ ಸಾಲಾಗಿ ಖಾರ ಬನ್ನು, ಒಂದಕ್ಕೊಂದು ಅಂಟಿಕೊಂಡೇ ಉಬ್ಬಿದ್ದವು. ಹುಡುಗನೊಬ್ಬ ಬ್ರಷ್ಷಿನಿಂದ ಮೇಲೆ ಬೆಣ್ಣೆ ಸವರಿದ. ಬೆಣ್ಣೆ ಚುರ್ ಅಂದಿತು. ಎರಡು ಬನ್ನನ್ನು ಬಿಡಿಸಿದಾಗ ನಡುವಿನ ಬಿಳಿ ಭಾಗದಿಂದ ಹಬೆ ಎದ್ದಿತು.

"ಈಗ ತಿನ್ಬೇಡಿ, ಐದು ನಿಮಿಷ ಬಿಡಿ," ಅಂದರು ಮಾಲೀಕರು. "ಬಿಸಿ ಬಿಸಿ ತಿಂದ್ರೆ ಒಳಗೆ ಅಂಟಂಟು ಇರುತ್ತೆ. ಬನ್ನು ಹೊರಗೆ ಬಂದ ಮೇಲೂ ಬೇಯ್ತಾ ಇರುತ್ತೆ."

ಭಾವ ಐದು ನಿಮಿಷ ಕಾಯಲಿಲ್ಲ. ನಾನೂ ಕಾಯಲಿಲ್ಲ. ಅಕ್ಕನಿಗೆ ದಿಲ್‌ಪಸಂದ್ ಕಟ್ಟಿಸಿದೆವು, ಕೊಬ್ಬರಿ ಮತ್ತು ಟೂಟಿಫ್ರೂಟಿ ತುಂಬಿದ್ದು, ಇಡೀ ಒಂದು. ಮನೆಯಲ್ಲಿ ಅವಳು ಅದನ್ನು ತ್ರಿಕೋನಗಳಾಗಿ ಕತ್ತರಿಸಿ, ನಮ್ಮ ಎದುರೇ ಮೂರು ತುಂಡು ತಿಂದಳು. "ನಾನು ಓಡಿಲ್ಲ, ಏನೀಗ?" ಅಂದಳು.

ಭಾವ ಮುಂದಿನ ಸಲದ ದಾರಿ ಆಗಲೇ ಗೊತ್ತುಮಾಡಿದ್ದಾರೆ. ಜಯನಗರದಿಂದ ಶುರು.